ಶಿಶು ಐಸಿಯು ಗದ್ದಲ: ಕೂಗುವುದು ನರ್ಸ್‌ಗೆ, ಬೀಳುವುದು ಮಗುವಿನ ಕಿವಿಗೆ

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಬಗ್ಗೆ ಎರಡು ಥರದ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತವೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ, ಸದ್ದು ಮಿತಿ ಮೀರಿದೆ, ಅದರಿಂದ ಮಕ್ಕಳಿಗೆ ತೊಂದರೆ ಎನ್ನುತ್ತದೆ ಒಂದು. ಸದ್ದಿಲ್ಲದ ಒಂಟಿ ಕೋಣೆಯಲ್ಲಿ ಬೆಳೆದ ಮಕ್ಕಳು ಮಾತಿನಲ್ಲಿ ಹಿಂದೆ ಬಿದ್ದರು ಎನ್ನುತ್ತದೆ ಇನ್ನೊಂದು. ಎರಡನ್ನೂ ಓದಿದವರಿಗೆ ಗೊಂದಲ ಆಗದೆ ಇರುತ್ತದೆಯೇ? ಸದ್ದು ಬೇಕೋ ಬೇಡವೋ?

ಎರಡೂ ಸುದ್ದಿಯ ಹಿಂದೆ ಗಂಭೀರವಾದ ಅಧ್ಯಯನಗಳಿವೆ. ಯಾವುದೂ ಸುಳ್ಳಲ್ಲ. ತೊಂದರೆ ಇರುವುದು 'ಸದ್ದು' ಎಂಬ ಒಂದೇ ಪದದಲ್ಲಿ. ಮಾನಿಟರ್ ಕಿರುಚುವುದನ್ನೂ ಅಮ್ಮ ಮಾತಾಡುವುದನ್ನೂ ನಾವು ಅದೇ ಪದದಿಂದ ಕರೆಯುತ್ತೇವೆ, ಅದೇ ಮೀಟರಿನಿಂದ ಅಳೆಯುತ್ತೇವೆ. ಅಲ್ಲಿಂದಲೇ ಗೋಜಲು ಶುರು.

ಹೊಟ್ಟೆಯೊಳಗೆ ಕೇಳುತ್ತಿದ್ದದ್ದು

ಮಗುವಿನ ಒಳಕಿವಿ ಸುಮಾರು 25ನೇ ವಾರದ ಹೊತ್ತಿಗೆ ಕೆಲಸ ಶುರು ಮಾಡುತ್ತದೆ. ಆಮೇಲಿನ ಮೂರು ತಿಂಗಳು ಅದು ಕೇಳುವುದು ಅಮ್ಮನ ಎದೆಬಡಿತ, ರಕ್ತ ಹರಿಯುವ ಸದ್ದು, ಕರುಳಿನ ಗುಡುಗುಡು, ಮತ್ತು ಅಮ್ಮನ ಮಾತು. ಅಮ್ಮನ ದನಿ ಅವಳ ಮೈಯ ಮೂಲಕವೇ ಬರುವುದರಿಂದ ಮಗುವಿಗೆ ಚೆನ್ನಾಗಿ ಮುಟ್ಟುತ್ತದೆ. ಹೊರಗಿನ ಸದ್ದು ಹಾಗಲ್ಲ. ಚರ್ಮ, ಮಾಂಸ, ನೀರು ಇವೆಲ್ಲ ಸೇರಿ ಅದನ್ನು ಸೋಸುತ್ತವೆ. ದಪ್ಪ ಸ್ವರಗಳು ಒಳಗೆ ಇಳಿಯುತ್ತವೆ. ಚೂಪಾದ, ಏರು ಸ್ವರಗಳು ಬಹುಪಾಲು ಹೊರಗೇ ಉಳಿಯುತ್ತವೆ.

ಈಗ 26ನೇ ವಾರಕ್ಕೆ ಹುಟ್ಟಿದ ಒಂದು ಮಗುವನ್ನು ನೆನೆಯಿರಿ. ಒಳಗೆ ಇನ್ನೂ 14 ವಾರ ಇರಬೇಕಿತ್ತು. ಆ ಹದಿನಾಲ್ಕು ವಾರವನ್ನು ಅದು ಯಂತ್ರಗಳ ನಡುವೆ ಕಳೆಯುತ್ತದೆ. ಸೋಸುವ ಪರದೆ ಹೋಯಿತು. ಬೀಪ್ ಎನ್ನುವ ಅಲಾರಂ, ಲೋಹದ ಟ್ರಾಲಿ, ಕಸದ ಡಬ್ಬಿಯ ಮುಚ್ಚಳ, ಎಲ್ಲವೂ ಚೂಪಾದ ಸದ್ದೇ. ಇದುವರೆಗೆ ಕೇಳುತ್ತಿದ್ದ ದನಿ ಮಾತ್ರ ಬಹಳ ಹೊತ್ತು ಕೇಳುವುದೇ ಇಲ್ಲ. ಅಂದರೆ ಈ ಮಗುವಿಗೆ ಎರಡು ನಷ್ಟ ಒಟ್ಟಿಗೇ ಆಗುತ್ತವೆ. ಬೇಡದ್ದು ಜಾಸ್ತಿ ಬಂತು, ಬೇಕಾದದ್ದು ಹೋಯಿತು. ಸುದ್ದಿಗಳು ಸಾಮಾನ್ಯವಾಗಿ ಇದರಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತವೆ.

2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು ಅವಧಿಗೆ ಮೊದಲು ಹುಟ್ಟಿದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹುಟ್ಟುವ ಹತ್ತು ಮಕ್ಕಳಲ್ಲಿ ಒಂದು ಎಂದುಕೊಳ್ಳಿ. ಅಷ್ಟೂ ಮಕ್ಕಳು ಐಸಿಯು ಸೇರುವುದಿಲ್ಲ, ನಿಜ. ಆದರೂ ಇದು ಎಲ್ಲೋ ಒಂದಿಬ್ಬರ ಸಮಸ್ಯೆಯೂ ಅಲ್ಲ.

ಆ 45 ಎಲ್ಲಿಂದ ಬಂತು?

ಈ ವಿಷಯದ ಯಾವ ವರದಿ ತೆಗೆದರೂ 45 ಡೆಸಿಬಲ್ ಎಂಬ ಅಂಕಿ ಸಿಗುತ್ತದೆ. ಅದರ ಹಿನ್ನೆಲೆ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

1974ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸದ್ದಿನ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಕಟ್ಟಡದ ಒಳಗೆ ಜನರ ಮಾತಿಗೆ, ನಿದ್ದೆಗೆ, ಕೆಲಸಕ್ಕೆ ಅಡ್ಡಿ ಆಗಬಾರದು ಎಂದರೆ 45 ಡೆಸಿಬಲ್ ಒಳಗಿರಲಿ ಎಂದು ಅದು ಹೇಳಿತು. 1997ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳ ಘಟಕದಲ್ಲೂ 45 ದಾಟದಂತೆ ನೋಡಿಕೊಳ್ಳಿ ಎಂದಿತು. ಅಂದರೆ ಅಂಕಿಯ ಬೇರು ಇರುವುದು ಸಾಮಾನ್ಯ ಜನರ ನೆಮ್ಮದಿಯ ಲೆಕ್ಕದಲ್ಲಿ. ಒಂದು ಕಿಲೋ ತೂಗುವ ಮಗುವಿಗೆ 45 ಒಳ್ಳೆಯದು, 46 ಕೆಟ್ಟದ್ದು ಎಂದು ಯಾರೂ ಪ್ರಯೋಗ ಮಾಡಿ ಕಂಡುಕೊಂಡದ್ದಲ್ಲ.

ಹಾಗಂತ ಅದನ್ನು ತಳ್ಳಿಹಾಕಬೇಕಿಲ್ಲ. ಗುರಿ ಅಂತ ಒಂದು ಇರಬೇಕಲ್ವಾ. ಶಿಶು ಐಸಿಯು ಕಟ್ಟುವವರಿಗಾಗಿ ತಜ್ಞರು ಮಾಡಿದ ಮಾನದಂಡದಲ್ಲಿ ಇದಕ್ಕೆ ಇನ್ನೂ ಎರಡು ಅಂಕಿ ಸೇರಿದವು. ಒಂದು ಗಂಟೆಯ ಸರಾಸರಿ 45 ಮೀರಬಾರದು. ಆ ಗಂಟೆಯಲ್ಲಿ 50 ದಾಟುವುದು ಹತ್ತನೇ ಒಂದು ಭಾಗಕ್ಕಿಂತ, ಅಂದರೆ ಆರು ನಿಮಿಷಕ್ಕಿಂತ, ಜಾಸ್ತಿ ಇರಬಾರದು. ಒಂದೇಟಿಗೆ ಏರುವ ಸದ್ದು 65 ದಾಟಬಾರದು. ಮೂರು ಅಂಕಿ ಯಾಕೆ ಎಂದರೆ ಸರಾಸರಿಯೊಂದೇ ಮೋಸ ಮಾಡುತ್ತದೆ. ಗಂಟೆಯೆಲ್ಲ ತಣ್ಣಗಿದ್ದು ಒಮ್ಮೆ ಬಾಗಿಲು ಧಡಾರನೆ ಬಡಿದರೆ ಸರಾಸರಿಯಲ್ಲಿ ಅದು ಮರೆಯಾಗಿಬಿಡುತ್ತದೆ. ಮಗು ಬೆಚ್ಚಿಬೀಳುವುದು ಮಾತ್ರ ಆ ಬಡಿತಕ್ಕೇ.

ವಾಸ್ತವ ಏನು? ಬೇರೆ ಬೇರೆ ದೇಶಗಳ ಅಳತೆಗಳಲ್ಲಿ ಸರಾಸರಿ ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ. ಎಷ್ಟೋ ಕಡೆ ಹವಾನಿಯಂತ್ರಣದ ಗಾಳಿಯೊಂದೇ 45ನ್ನು ಮುಟ್ಟಿಸಿಬಿಡುತ್ತದೆ. ಇಬ್ಬರು ಎದುರುಬದುರು ನಿಂತು ಮಾಮೂಲಿ ದನಿಯಲ್ಲಿ ಮಾತಾಡಿದರೆ 60ರ ಆಸುಪಾಸು. ಅಂದಮೇಲೆ ತುಂಬಿದ ವಾರ್ಡೊಂದು ದಿನವಿಡೀ 45ರ ಒಳಗೆ ಇರುವುದು ಅಪರೂಪ.

ಇನ್ನೊಂದು ವಿಚಿತ್ರ ಇದೆ. ಇನ್‌ಕ್ಯುಬೇಟರ್‌ಗಳಿಗೆಂದೇ ಇರುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಪೆಟ್ಟಿಗೆಯ ಒಳಗೆ 60 ಡೆಸಿಬಲ್‌ವರೆಗೆ ಸದ್ದನ್ನು ಒಪ್ಪುತ್ತದೆ. ಅದರ ಸ್ವಂತ ಅಲಾರಂ ಹೊಡೆದಾಗ 80ರವರೆಗೆ. ಕೋಣೆಗೆ 45, ಮಗು ಮಲಗುವ ಪೆಟ್ಟಿಗೆಗೆ 60! ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಯಂತ್ರವೇ ಕೋಣೆಯ ನಿಯಮವನ್ನು ಮುರಿಯಬಹುದು. ಇದನ್ನು ನರ್ಸ್‌ಗಳ ಮೇಲೆ ಹೊರಿಸುವುದು ಹೇಗೆ?

ಡೆಸಿಬಲ್ ಲೆಕ್ಕದ ತಿರುವು

'ಹೊಸ ಕ್ರಮದಿಂದ ಸದ್ದು ಬರೀ 3 ಡೆಸಿಬಲ್ ಇಳಿಯಿತು' ಎಂದು ಓದಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಡೆಸಿಬಲ್ ಕಿಲೋಮೀಟರ್ ಇದ್ದ ಹಾಗಲ್ಲ. 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ. ನಮ್ಮ ಕಿವಿಗೆ ಅದು ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. 3 ಏರಿದರೆ ಶಕ್ತಿ ದುಪ್ಪಟ್ಟು, 3 ಇಳಿದರೆ ಅರ್ಧ. ಒಂದೇ ಥರ ಸದ್ದು ಮಾಡುವ ಹತ್ತು ಯಂತ್ರಗಳಿರುವ ಕೋಣೆಯಲ್ಲಿ ಐದನ್ನು ಆರಿಸಿದರೂ ಮೀಟರಿನಲ್ಲಿ ಇಳಿಯುವುದು 3 ಮಾತ್ರ. ಹಾಗಾಗಿ ಸಣ್ಣಪುಟ್ಟ ಒಂದೊಂದು ಉಪಾಯದಿಂದ 65ರಿಂದ 45ಕ್ಕೆ ಇಳಿಯುತ್ತೇವೆ ಎನ್ನುವುದು ಆಗದ ಮಾತು. ಅಷ್ಟು ಇಳಿಯಬೇಕಾದರೆ ಸದ್ದಿನ ಶಕ್ತಿ ನೂರನೇ ಒಂದು ಭಾಗಕ್ಕೆ ಬರಬೇಕು.

ಮೀಟರಿಗೂ ಒಂದು ಒಲವಿದೆ. ಸಾಮಾನ್ಯವಾಗಿ ಬಳಸುವ ಅಳತೆ ದೊಡ್ಡವರ ಕಿವಿಗೆ ಹೊಂದಿಸಿದ್ದು. ನಮಗೆ ದಪ್ಪ ಸ್ವರ ಕಡಿಮೆ ಕೇಳುತ್ತದೆ ಎಂದು ಅದು ದಪ್ಪ ಸ್ವರವನ್ನು ಲೆಕ್ಕದಲ್ಲಿ ತಗ್ಗಿಸುತ್ತದೆ. ಇನ್‌ಕ್ಯುಬೇಟರ್ ಮೋಟರಿನ ಗುಂಯ್ ಎನ್ನುವುದು ದಪ್ಪ ಸ್ವರವೇ. ಅದರ ಪ್ಲಾಸ್ಟಿಕ್ ಪೆಟ್ಟಿಗೆಯೂ ಸುಮ್ನೆ ಇರುವುದಿಲ್ಲ. ವಿಯೆನ್ನಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪೆಟ್ಟಿಗೆ ಹೊರಗಿನ ಏರು ಸ್ವರಗಳನ್ನು ತಗ್ಗಿಸುತ್ತದೆ, ಕೆಲವು ದಪ್ಪ ಸ್ವರಗಳನ್ನು ಮಾತ್ರ ತನ್ನೊಳಗೆ ಮೊಳಗಿಸಿ ಹೆಚ್ಚಿಸುತ್ತದೆ. ಮಾತನ್ನು ಮಾತಾಗಿ ಗುರುತಿಸಲು ಬೇಕಾದ ಸ್ವರಗಳು ಮಸುಕಾಗುತ್ತವೆ. ಹೊರಗೆ ನಿಂತು ಅಮ್ಮ ಹಾಡುವ ಜೋಗುಳ ಒಳಗಿರುವ ಮಗುವಿಗೆ ಹಾಗೇ ಕೇಳುವುದಿಲ್ಲ.

ಮಗುವಿನ ಮೈಯಲ್ಲಿ ಏನಾಗುತ್ತದೆ?

ಇಲ್ಲಿ ಗಟ್ಟಿಯಾಗಿ ಗೊತ್ತಿರುವುದು ಒಂದಿಷ್ಟು, ಇನ್ನೂ ಜಗಳದಲ್ಲಿರುವುದು ಒಂದಿಷ್ಟು. ಬೆರೆಸದೆ ನೋಡೋಣ.

ಹಠಾತ್ ಸದ್ದಿಗೆ ಮಗುವಿನ ಎದೆಬಡಿತ ಬದಲಾಗುತ್ತದೆ. ರಕ್ತದಲ್ಲಿ ಆಮ್ಲಜನಕದ ಮಟ್ಟ ಇಳಿಯಬಹುದು. ಕೆಲವೊಮ್ಮೆ ಉಸಿರು ಸ್ವಲ್ಪ ಹೊತ್ತು ನಿಲ್ಲುತ್ತದೆ, ರಕ್ತದೊತ್ತಡ ಏರುತ್ತದೆ. ನಿದ್ದೆ ಮುರಿಯುತ್ತದೆ. ಅವಧಿಗೆ ಮೊದಲು ಹುಟ್ಟಿದ ಮಗು ದಿನದ ಬಹುಪಾಲು ಮಲಗಿಯೇ ಇರಬೇಕು. ಮಿದುಳಿನ ಜೋಡಣೆ ನಡೆಯುವುದು ನಿದ್ದೆಯಲ್ಲೇ. ಎಚ್ಚರವಾದಾಗ ತೂಕ ಏರಿಸಿಕೊಳ್ಳಲು ಬೇಕಿದ್ದ ಶಕ್ತಿ ಚಡಪಡಿಕೆಗೆ ಖರ್ಚಾಗುತ್ತದೆ. ಇಷ್ಟು ನೇರವಾಗಿ ಅಳೆದು ನೋಡಬಹುದಾದ ಸಂಗತಿ.

ಕಿವುಡಿನ ವಿಷಯ ಅಷ್ಟು ಸರಳ ಅಲ್ಲ. ಎಲ್ಲ ನವಜಾತ ಶಿಶುಗಳನ್ನು ತೆಗೆದುಕೊಂಡರೆ ಶ್ರವಣದೋಷ ಸಾವಿರಕ್ಕೆ 1ರಿಂದ 3. ಐಸಿಯುನಲ್ಲಿದ್ದ ಮಕ್ಕಳಲ್ಲಿ ಅದು ನೂರಕ್ಕೆ 2ರಿಂದ 4. ನೋಡಿದ ತಕ್ಷಣ ಗದ್ದಲವೇ ಕಾರಣ ಅನ್ನಬೇಕು ಅನ್ನಿಸುತ್ತದೆ. ಆದರೆ ಈ ಮಕ್ಕಳಿಗೆ ಆಮ್ಲಜನಕದ ಕೊರತೆ, ತೀವ್ರ ಕಾಮಾಲೆ, ಸೋಂಕು ಇವೆಲ್ಲ ಆಗಿರುತ್ತವೆ. ಸೋಂಕಿಗೆ ಕೊಡುವ ಜೆಂಟಾಮೈಸಿನ್‌ನಂಥ ಔಷಧವೂ ಒಳಕಿವಿಗೆ ಹಾನಿ ಮಾಡಬಲ್ಲದು. ಅಂಥ ಔಷಧ ಮತ್ತು ಗದ್ದಲ ಎರಡೂ ಸೇರಿದರೆ ಹಾನಿ ಹೆಚ್ಚುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಶಿಶುಗಳಲ್ಲಿ ಗದ್ದಲದ ಪಾಲು ಇಷ್ಟೇ ಎಂದು ಬೇರ್ಪಡಿಸಿ ತೋರಿಸಲು ಆಗಿಲ್ಲ. 'ಐಸಿಯು ಸದ್ದಿನಿಂದ ಮಗು ಕಿವುಡಾಗುತ್ತದೆ' ಎಂಬ ತಲೆಬರಹ ಸಾಕ್ಷ್ಯವನ್ನು ಮೀರಿ ಓಡುತ್ತದೆ.

ಅಲಾರಂ ಎಂಬ ಗಂಟು

ಸದ್ದು ಮಾಡುವವರ ಪಟ್ಟಿ ದೊಡ್ಡದು. ಉಸಿರಾಟದ ಯಂತ್ರ, ಮೂಗಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್, ನಲ್ಲಿ, ಡ್ರಾಯರ್, ಫೋನು, ಪಾಳಿ ಬದಲಾಗುವಾಗಿನ ಮಾತು, ವೈದ್ಯರ ಸುತ್ತು. ಇನ್‌ಕ್ಯುಬೇಟರಿನ ಕಿಟಕಿಯನ್ನು ರಪ್ಪನೆ ಮುಚ್ಚಿದರೆ ಒಳಗೆ 100 ಡೆಸಿಬಲ್ ಮುಟ್ಟುವುದುಂಟು. ಅದರ ಮೇಲೆ ಬೆರಳಿಂದ ಟಕಟಕ ತಟ್ಟಿದರೂ 70 ದಾಟುತ್ತದೆ. ಇವೆಲ್ಲ ಅಭ್ಯಾಸದ ವಿಷಯ, ತಿದ್ದಿಕೊಳ್ಳಬಹುದು. ಅಲಾರಂ ಹಾಗಲ್ಲ. ಅದು ಜೋರಾಗಿರಲೆಂದೇ ಮಾಡಿದ್ದು.

ಅಲಾರಂ ಯಾಕೆ ಇಷ್ಟೊಂದು ಹೊಡೆಯುತ್ತದೆ ಎಂಬುದಕ್ಕೆ ಆಮ್ಲಜನಕದ ಕಥೆ ತಿಳಿಯಬೇಕು. ಈ ಮಕ್ಕಳಿಗೆ ಆಮ್ಲಜನಕ ಜಾಸ್ತಿ ಆದರೆ ಕಣ್ಣಿನ ರೆಟಿನಾಗೆ ಅಪಾಯ, ಕಡಿಮೆ ಆದರೆ ಜೀವಕ್ಕೇ ಅಪಾಯ. ಸುಮಾರು 5,000 ಮಕ್ಕಳಿದ್ದ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2018ರಲ್ಲಿ ಒಂದು ವಿಶ್ಲೇಷಣೆ ಬಂತು. ರಕ್ತದ ಆಮ್ಲಜನಕ ಪ್ರಮಾಣವನ್ನು ಶೇ 85–89ರಲ್ಲಿ ಇಟ್ಟ ಮಕ್ಕಳಲ್ಲಿ, ಶೇ 91–95ರಲ್ಲಿ ಇಟ್ಟವರಿಗಿಂತ ಸಾವು ಹೆಚ್ಚಿತ್ತು. ಕಣ್ಣಿನ ತೊಂದರೆ ಕಡಿಮೆ ಇತ್ತು. ಹಾಗಾಗಿ ಈಗ ಎಷ್ಟೋ ಘಟಕಗಳು 90ರಿಂದ 95ರ ಸಣ್ಣ ಪಟ್ಟಿಯೊಳಗೆ ಮಗುವನ್ನು ಇಡಲು ಹೆಣಗುತ್ತವೆ. ಆದರೆ ಬೆಳೆಯದ ಶ್ವಾಸಕೋಶದ ಮಗುವಿನ ಆಮ್ಲಜನಕ ನಿಮಿಷ ನಿಮಿಷಕ್ಕೂ ಮೇಲೆ ಕೆಳಗೆ ಆಡುತ್ತದೆ. ಪಟ್ಟಿ ಕಿರಿದಾದಷ್ಟೂ ಗೆರೆ ದಾಟುವುದು ಹೆಚ್ಚು, ಗೆರೆ ದಾಟಿದಾಗೆಲ್ಲ ಕಿರುಚಾಟ. ಮಗು ಕಾಲು ಆಡಿಸಿ ಸೆನ್ಸರ್ ಸಡಿಲವಾದರೂ ಅದೇ ಕಿರುಚಾಟ.

ಇದರಲ್ಲಿ ನಿಜವಾಗಿ ಓಡಿ ಬರಬೇಕಾದ್ದು ಎಷ್ಟು? ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಒಂದು ಅಂದಾಜು ಇತ್ತು: ಆಸ್ಪತ್ರೆಯ ಅಲಾರಂಗಳಲ್ಲಿ ಶೇ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ. 'ತೋಳ ಬಂತು ತೋಳ' ಕಥೆ ನೆನಪಾಗುತ್ತದೆ. ದಿನಕ್ಕೆ ನೂರಾರು ಸಲ ಸುಳ್ಳೇ ಕೂಗಿದರೆ ಕೇಳುವ ಕಿವಿ ಮರಗಟ್ಟುತ್ತದೆ. ಇದಕ್ಕೆ ಅಲಾರಂ ದಣಿವು ಎನ್ನುತ್ತಾರೆ. ಅದೇ ಎಚ್ಚರಿಕೆಯಲ್ಲಿ 2009ರಿಂದ 2012ರ ನಡುವೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳ ಲೆಕ್ಕ ಇತ್ತು, ಅದರಲ್ಲಿ 80 ಸಾವು. ಇದು ಎಲ್ಲ ವಾರ್ಡುಗಳ ಲೆಕ್ಕ, ಶಿಶುಗಳದ್ದಷ್ಟೇ ಅಲ್ಲ. ಆದರೂ ಸದ್ದು ಜಾಸ್ತಿ ಇದ್ದರೆ ಸುರಕ್ಷತೆ ಜಾಸ್ತಿ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು.

ನರ್ಸ್‌ಗಳ ಕಡೆಯ ವಾದವನ್ನೂ ಕೇಳಬೇಕು. ಒಬ್ಬ ನರ್ಸ್ ಒಂದಿಬ್ಬರು ಮಕ್ಕಳನ್ನು ನೋಡುತ್ತಿದ್ದರೆ ಅವರ ಕಣ್ಣೇ ಅಲಾರಂ. ಐದಾರು ಮಕ್ಕಳು ಅವರ ಪಾಲಿಗೆ ಬಿದ್ದರೆ ಕೋಣೆಯ ಆ ತುದಿಯಿಂದ ಈ ತುದಿಗೆ ಕೇಳುವಂತೆ ಅಲಾರಂ ಇಡದೆ ಬೇರೆ ದಾರಿ ಇಲ್ಲ. ಸಿಬ್ಬಂದಿ ಕಡಿಮೆ ಆದಷ್ಟೂ ಯಂತ್ರದ ದನಿ ಏರುತ್ತದೆ. ಹಾಗಾಗಿ ಗೋಡೆಗೆ 'ಮೌನವಾಗಿರಿ' ಫಲಕ ಅಂಟಿಸಿ ಸಿಬ್ಬಂದಿ ಕಡಿತ ಮಾಡುವ ಆಸ್ಪತ್ರೆ ತಾನೇ ತನ್ನ ಗದ್ದಲವನ್ನು ಸಾಕಿಕೊಂಡಂತೆ.

ದಾರಿ ಇಲ್ಲವೆಂದಲ್ಲ. ಆಮ್ಲಜನಕದ ಇಳಿತಗಳಲ್ಲಿ ತುಂಬಾ ಭಾಗ ಕೆಲವೇ ಸೆಕೆಂಡಿನಲ್ಲಿ ತಾನಾಗಿ ಸರಿಹೋಗುತ್ತವೆ. ಅಲಾರಂ ಹೊಡೆಯುವ ಮುನ್ನ ಯಂತ್ರ ಹತ್ತು ಹದಿನೈದು ಸೆಕೆಂಡ್ ಕಾದರೆ ಎಷ್ಟೋ ಸುಳ್ಳು ಕೂಗು ನಿಲ್ಲುತ್ತದೆ. ಎದೆಬಡಿತ ತೀರಾ ಕುಸಿದಂಥ ಅಪಾಯಕ್ಕೆ ಮಾತ್ರ ಕಾಯುವುದು ಬೇಡ ಎಂದು ಪ್ರತ್ಯೇಕವಾಗಿ ಹೊಂದಿಸಬಹುದು. ಇನ್ನೂ ನೇರವಾದ ದಾರಿ: ಅಲಾರಂ ಮಗುವಿನ ತಲೆಯ ಪಕ್ಕ ಹೊಡೆಯುವ ಬದಲು ನರ್ಸ್ ಜೇಬಿನ ಸಾಧನದಲ್ಲಿ ಕಂಪಿಸಲಿ. ಕೇಳಬೇಕಾದವರು ಅವರಲ್ವಾ? ಮಗುವಿಗೆ ಆ ಸುದ್ದಿಯಿಂದ ಏನೂ ಆಗಬೇಕಿಲ್ಲ. ಆದರೆ ಇದಕ್ಕೆ ನಂಬಿಕಸ್ಥ ನೆಟ್‌ವರ್ಕ್ ಬೇಕು, ಒಬ್ಬರು ಉತ್ತರಿಸದಿದ್ದರೆ ಇನ್ನೊಬ್ಬರಿಗೆ ಹೋಗುವ ಏರ್ಪಾಡು ಬೇಕು, ಕೆಟ್ಟಾಗ ಹಳೆಯ ಅಲಾರಂ ತಾನಾಗಿ ಎದ್ದು ಕೂಗಬೇಕು. ಇವಿಲ್ಲದೆ ಸುಮ್ನೆ ದನಿ ತಗ್ಗಿಸುವುದು ಅಪಾಯವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟಂತೆ.

ಕಿವಿ ಮುಚ್ಚಿದರೆ ಆಯ್ತಲ್ವಾ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಎಂಆರ್‌ಐ ಮಾಡುವಾಗ ಶಿಶುಗಳಿಗೆ ಪುಟ್ಟ ಕಿವಿಗವಸು ಹಾಕುತ್ತಾರೆ, ಅದು ಸರಿಯೇ. ಅಲ್ಲಿ ಸದ್ದು ವಿಪರೀತ, ಹೊತ್ತು ಕಡಿಮೆ. ವಾರಗಟ್ಟಲೆ ಹಾಕುವುದು ಬೇರೆ ಮಾತು. ಒಂದೆರಡು ಸಣ್ಣ ಪ್ರಯೋಗಗಳಲ್ಲಿ ನಿದ್ದೆ, ಆಮ್ಲಜನಕ, ತೂಕ ಸುಧಾರಿಸಿದ್ದು ಕಂಡಿದೆ. ಆದರೆ ವೈದ್ಯಕೀಯ ಸಾಕ್ಷ್ಯಗಳನ್ನು ಜರಡಿ ಹಿಡಿಯುವ ಕಾಕ್ರೇನ್ ತಂಡ ಈ ವಿಷಯವನ್ನು 2015ರಲ್ಲಿ ಮತ್ತು 2020ರಲ್ಲಿ ನೋಡಿದಾಗ ಅದರ ಕಟ್ಟುನಿಟ್ಟಿಗೆ ಒಪ್ಪಿದ್ದು ಒಂದೇ ಪ್ರಯೋಗ. ಅದರಲ್ಲಿದ್ದ ಮಕ್ಕಳು 34. ಅಷ್ಟರ ಮೇಲೆ ಶಿಫಾರಸು ಮಾಡಲಾಗದು ಎಂದಿತು ತಂಡ.

ನನಗೆ ಇದಕ್ಕಿಂತ ದೊಡ್ಡ ತಕರಾರು ಕಾಣುವುದು ಬೇರೆ ಕಡೆ. ಕಿವಿಗವಸಿಗೆ ಆಯ್ಕೆ ಇಲ್ಲ. ಅಲಾರಂ ತಡೆದ ಹಾಗೆ ಅಪ್ಪನ ಮಾತನ್ನೂ ತಡೆಯುತ್ತದೆ.

ಒಂಟಿ ಕೋಣೆಯ ಎರಡು ಫಲಿತಾಂಶ

ಹತ್ತಿಪ್ಪತ್ತು ಮಕ್ಕಳನ್ನು ಒಂದೇ ಹಾಲ್‌ನಲ್ಲಿ ಇಡುವ ಬದಲು ಒಂದು ಕುಟುಂಬಕ್ಕೆ ಒಂದು ಕೋಣೆ ಕೊಡುವುದು ಹೊಸ ಕಟ್ಟಡಗಳ ದಾರಿ. ಪಕ್ಕದ ಮಗುವಿನ ಅಲಾರಂಗೆ ನಿಮ್ಮ ಮಗು ಏಳಬೇಕಿಲ್ಲ. ಅಪ್ಪ ಅಮ್ಮ ಅಲ್ಲೇ ಮಲಗಬಹುದು. ತರ್ಕ ಗಟ್ಟಿಯಾಗಿದೆ.

ಆದರೆ 2014ರಲ್ಲಿ ಅಮೆರಿಕದ ಎರಡು ಊರುಗಳಿಂದ ಎರಡು ಫಲಿತಾಂಶ ಬಂದವು. ಸೇಂಟ್ ಲೂಯಿಸ್‌ನ ಅಧ್ಯಯನ 30 ವಾರಕ್ಕೆ ಮೊದಲು ಹುಟ್ಟಿದ 136 ಮಕ್ಕಳನ್ನು ಎರಡು ವರ್ಷದವರೆಗೆ ನೋಡಿತು. ಒಂಟಿ ಕೋಣೆಯ ಮಕ್ಕಳು ಭಾಷೆಯ ಪರೀಕ್ಷೆಯಲ್ಲಿ ತೆರೆದ ವಾರ್ಡಿನ ಮಕ್ಕಳಿಗಿಂತ ಕಡಿಮೆ ಅಂಕ ಪಡೆದರು. ಮಿದುಳಿನ ಚಿತ್ರಗಳಲ್ಲೂ ವ್ಯತ್ಯಾಸ ಕಂಡಿತು. ಅದೇ ವರ್ಷ ರೋಡ್ ಐಲೆಂಡ್‌ನ ಅಧ್ಯಯನ ಇದಕ್ಕೆ ತದ್ವಿರುದ್ಧ ಹೇಳಿತು. ಅಲ್ಲಿ ಒಂಟಿ ಕೋಣೆಯ ಮಕ್ಕಳ ತೂಕ ಚೆನ್ನಾಗಿ ಏರಿತ್ತು, ಒತ್ತಡ ಕಡಿಮೆ ಇತ್ತು.

ಯಾರನ್ನು ನಂಬುವುದು? ಇಬ್ಬರನ್ನೂ. ರೋಡ್ ಐಲೆಂಡ್ ತಂಡ ಕಾರಣ ಹುಡುಕಿದಾಗ ಲಾಭದ ದೊಡ್ಡ ಪಾಲು ಬಂದದ್ದು ಅಮ್ಮಂದಿರು ಹೆಚ್ಚು ಹೊತ್ತು ಜೊತೆಗಿದ್ದುದರಿಂದ ಎಂದು ಕಂಡಿತು. ಸೇಂಟ್ ಲೂಯಿಸ್‌ನಲ್ಲಿ ಕುಟುಂಬದವರ ಭೇಟಿ ಕಡಿಮೆ ಇತ್ತು. ತೆರೆದ ವಾರ್ಡಿನಲ್ಲಿ ಮನೆಯವರು ಬಾರದಿದ್ದರೂ ನರ್ಸ್‌ಗಳ ಮಾತು, ಪಕ್ಕದ ಮಗುವಿನ ಅಮ್ಮನ ಹಾಡು ಹೇಗೋ ಕಿವಿಗೆ ಬೀಳುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೂ ಇಲ್ಲ. ಉಳಿಯುವುದು ಮೋಟರಿನ ಗುಂಯ್ ಮಾತ್ರ. ಕೋಣೆ ಒಂದು ಪಾತ್ರೆ ಇದ್ದ ಹಾಗೆ, ಅದರಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಫಲ.

ಮಾತಿನ ಬೆಲೆ ಬೇರೆ ಕಡೆಯೂ ಕಂಡಿದೆ. ಬೋಸ್ಟನ್‌ನ ಒಂದು ತಂಡ ತುಂಬಾ ಬೇಗ ಹುಟ್ಟಿದ 40 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ದಿನಕ್ಕೆ ಸುಮಾರು ಮೂರು ಗಂಟೆ ಅಮ್ಮನ ದನಿ ಮತ್ತು ಎದೆಬಡಿತದ ಧ್ವನಿಮುದ್ರಿಕೆ ಕೇಳಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಮಕ್ಕಳ ಮಿದುಳಿನಲ್ಲಿ ಕೇಳುವ ಭಾಗ ಉಳಿದವರಿಗಿಂತ ದೊಡ್ಡದಿತ್ತು. ಮುಂದೆ ಅವರು ಚೆನ್ನಾಗಿ ಮಾತಾಡಿದರೇ ಎಂಬುದಕ್ಕೆ ಇದು ಉತ್ತರ ಅಲ್ಲ.

ಗೋಡೆ, ಚಾವಣಿ ಮತ್ತು ಸೋಂಕು

ಸಿನಿಮಾ ಹಾಲ್ ಥರ ಮೆತ್ತನೆ ಗೋಡೆ ಹಾಕಿದರೆ ಸದ್ದು ಇಂಗುವುದಿಲ್ಲವೇ ಎಂದು ಕೇಳಬಹುದು. ಇಂಗುತ್ತದೆ. ಆದರೆ ಸದ್ದನ್ನು ಹೀರುವ ವಸ್ತು ರಂಧ್ರಗಳಿರುವ ವಸ್ತು, ರಂಧ್ರದಲ್ಲಿ ತೇವ ಮತ್ತು ರೋಗಾಣು ಕೂರುತ್ತವೆ. ಸೋಂಕು ಈ ಮಕ್ಕಳನ್ನು ಸದ್ದಿಗಿಂತ ಬೇಗ ಕೊಲ್ಲುತ್ತದೆ. ಅದಕ್ಕೇ ಐಸಿಯು ನೆಲ, ಗೋಡೆ ಎಲ್ಲ ಒರೆಸಲು ಬರುವ ಗಟ್ಟಿ ಮೈಯವು. ಗಟ್ಟಿ ಮೈಗೆ ಬಡಿದ ಸದ್ದು ಮತ್ತೆ ಕೋಣೆಗೇ ವಾಪಸ್. ತೊಳೆಯಬಹುದಾದ ತೆಳು ಹೊದಿಕೆಯಿರುವ ಚಾವಣಿ ಹಲಗೆಗಳು, ರಬ್ಬರ್ ನೆಲ, ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರ್ ಇವು ನಡುದಾರಿ. ಹೊಸ ಕಟ್ಟಡಕ್ಕೆ ಸುಲಭ. ಹಳೆಯದಕ್ಕೆ ಹಾಕಬೇಕೆಂದರೆ ಮಕ್ಕಳನ್ನು ಎಲ್ಲಿಗೆ ಸಾಗಿಸುವುದು ಎಂಬಲ್ಲೇ ಯೋಜನೆ ನಿಂತುಬಿಡುತ್ತದೆ.

'ಮೌನದ ಗಂಟೆ' ಇದಕ್ಕಿಂತ ಅಗ್ಗ. ದಿನಕ್ಕೆ ಒಂದೆರಡು ಸಲ ದೀಪ ತಗ್ಗಿಸಿ, ತುರ್ತಲ್ಲದ ಕೆಲಸ ನಿಲ್ಲಿಸಿ, ಎಲ್ಲರೂ ಪಿಸುದನಿಯಲ್ಲಿ ಇರುವುದು. ಆ ಹೊತ್ತಿನಲ್ಲಿ ಸದ್ದು ಇಳಿಯುತ್ತದೆ, ಮಕ್ಕಳು ಮಲಗುತ್ತಾರೆ. ತರಬೇತಿಯ ಬಿಸಿ ಆರಿದ ಮೇಲೆ ಹಳೆಯ ಮಟ್ಟಕ್ಕೆ ಮರಳುವುದೂ ಮತ್ತೆ ಮತ್ತೆ ಕಂಡಿರುವ ಸಂಗತಿಯೇ. ಸದ್ದು ಏರಿದಾಗ ಕೆಂಪಾಗುವ ದೀಪಗಳದ್ದೂ ಇದೇ ಪಾಡು. ಮೊದಮೊದಲು ಎಲ್ಲರೂ ನೋಡುತ್ತಾರೆ, ಆಮೇಲೆ ಅದು ಗೋಡೆಯ ಭಾಗವಾಗುತ್ತದೆ.

ಮುಂದೆ ಏನಾಗಬಹುದು

ಕಟ್ಟಡಗಳು ಒಂಟಿ ಕೋಣೆಯ ಕಡೆಗೇ ಹೋಗುತ್ತವೆ. ಅದು ನಿಲ್ಲುವ ಲಕ್ಷಣ ಇಲ್ಲ. ಹಾಗಾದರೆ ಪ್ರಶ್ನೆ ಆಸ್ಪತ್ರೆಯ ಗೋಡೆ ದಾಟಿ ಆಚೆ ಬರುತ್ತದೆ. ಮೂರು ತಿಂಗಳು ಮಗುವಿನ ಪಕ್ಕ ಕೂರಲು ಅಪ್ಪ ಅಮ್ಮನಿಗೆ ಸಂಬಳದ ರಜೆ ಸಿಗುತ್ತದೆಯೇ? ಮನೆಯಲ್ಲಿರುವ ಇನ್ನೊಂದು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಸ್ಟಾಕ್‌ಹೋಮ್‌ನಲ್ಲಿ ಹೆತ್ತವರು ಹಗಲೂ ರಾತ್ರಿ ಜೊತೆಗಿರುವ ಏರ್ಪಾಡನ್ನು 366 ಮಕ್ಕಳ ಮೇಲೆ ಪರೀಕ್ಷಿಸಿದಾಗ ಆಸ್ಪತ್ರೆವಾಸ ಸರಾಸರಿ 5.3 ದಿನ ಕಡಿಮೆಯಾಯಿತು. ಫಲಿತಾಂಶ ಬಂದದ್ದು 2010ರಲ್ಲಿ. ಆದರೆ ಅದು ಹೆತ್ತವರಿಗೆ ಉದ್ದ ರಜೆ ಕೊಡುವ ಸಮಾಜ. ರಜೆ ಇಲ್ಲದ ಕಡೆ ಅದೇ ಕೋಣೆ ಕಟ್ಟಿದರೆ ಸೇಂಟ್ ಲೂಯಿಸ್‌ನ ಫಲ ಬರುವ ಸಾಧ್ಯತೆಯೇ ಹೆಚ್ಚು.

ಕೋಣೆ ಕಟ್ಟಲಾಗದ ಆಸ್ಪತ್ರೆಗಳಿಗೆ ಇನ್ನೊಂದು ದಾರಿ ತೆರೆದಿದೆ. ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಡಲೇ ಮಗುವನ್ನು ಎದೆಗೆ ಅವಚಿಕೊಳ್ಳುವ ಕಾಂಗರೂ ಆರೈಕೆ ಪರೀಕ್ಷಿಸಿದರು. ಅದಕ್ಕಾಗಿ ಅಮ್ಮಂದಿರ ಹಾಸಿಗೆಯನ್ನು ಐಸಿಯು ಒಳಗೇ ತಂದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೊದಲ 28 ದಿನಗಳ ಸಾವು ಶೇ 25ರಷ್ಟು ತಗ್ಗಿತು. ಹೊರಗಿನವರು ಬಂದರೆ ಸೋಂಕು ಬರುತ್ತದೆ ಎಂಬ ಹಳೆಯ ಭಯವೂ ನಿಜವಾಗಲಿಲ್ಲ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆಗೆ ಶಿಫಾರಸು ಮಾಡಿತು. ಇದನ್ನು ಸದ್ದಿನ ಉಪಾಯವೆಂದು ಯಾರೂ ಮಾಡಿದ್ದಲ್ಲ. ಆದರೆ ಎದೆಯ ಮೇಲಿರುವ ಮಗು ಇನ್‌ಕ್ಯುಬೇಟರ್ ಮೋಟರಿನಿಂದ ದೂರ, ಎದೆಬಡಿತಕ್ಕೆ ಹತ್ತಿರ.

ಇನ್ನು ಉಳಿದದ್ದು ಅಳತೆಯ ಪ್ರಶ್ನೆ. ಅಮ್ಮ ಒಂದು ಗಂಟೆ ಮಾತಾಡಿದರೆ ಈಗಿನ ಮೀಟರ್ ಅದನ್ನು ಮಿತಿ ಮೀರಿದ ಸದ್ದಿನ ಖಾತೆಗೆ ಬರೆದುಕೊಳ್ಳುತ್ತದೆ. 45 ತಲುಪಲೇಬೇಕೆಂದು ಹಟ ಹಿಡಿದ ಘಟಕಕ್ಕೆ ಭೇಟಿಯ ಹೊತ್ತು ಕಡಿತ ಮಾಡುವುದೇ ಸುಲಭದ ದಾರಿಯಾಗಿ ಕಂಡೀತು. ಇದನ್ನು ತಪ್ಪಿಸುವ ಸಾಧನ ಸಿಗುತ್ತದೆ. ಮಗುವಿನ ಪಕ್ಕ ದಿನಕ್ಕೆ 16 ಗಂಟೆ ಓಡುವ ಪುಟ್ಟ ರೆಕಾರ್ಡರ್‌ಗಳು ಮಾತು ಎಷ್ಟು, ಯಂತ್ರದ ಸದ್ದು ಎಷ್ಟು, ಮೌನ ಎಷ್ಟು ಎಂದು ಬೇರೆ ಬೇರೆ ಎಣಿಸುತ್ತವೆ. 2011ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದಲ್ಲಿ ಮಗುವಿನ ಸುತ್ತಲಿನ ಸದ್ದಿನಲ್ಲಿ ಮಾತಿನ ಪಾಲು ಕೆಲವೇ ಶೇಕಡಾ ಇತ್ತು. ಆದರೆ ಹೆತ್ತವರು ಬಂದು ಮಾತಾಡಿದಾಗ, ಹುಟ್ಟಬೇಕಿದ್ದ ದಿನಕ್ಕೆ ಇನ್ನೂ ಎಂಟು ವಾರ ಬಾಕಿ ಇದ್ದ ಆ ಮಕ್ಕಳು ತಾವೂ ಸಣ್ಣಗೆ ದನಿ ಹೊರಡಿಸುತ್ತಿದ್ದವು.